ಉಳಿದ ಬಿಸಿಲು

ಭಾಲ್ಕಿ
ಮೇ 6, 2025, ಮಂಗಳವಾರ

ಪೂಜ್ಯ ಮಾವನವರಿಗೆ ಸೊಸೆ ಮಲ್ಲೇಶ್ವರಿ ಮಾಡುವ ಶರಣು ಶರಣಾರ್ಥಿ.

ನಿಮ್ಮ ಮೊಣಕಾಲಿನ ನೋವು ಈಗ ಹೇಗಿದೆ? ಕುಶನೂರಿನಿಂದ ಬಂದವರು ನೀವು ಕುರಿಗಳ ಹಿಂದೆ ಹೊಲದ ತನಕ ಹೋಗಿ ಬರುತ್ತೀರಿ ಎಂದರು. ಕೇಳಿ ಖುಷಿಯೂ ಆಯಿತು, ಹೆದರಿಕೆಯೂ ಆಯಿತು. ಈ ಬಿಸಿಲಲ್ಲಿ ಹನ್ನೊಂದರ ನಂತರ ಹೊರಗೆ ಹೋಗಬೇಡಿ. ಸುಂದರಬಾಯಿ ಅತ್ತೆಯವರ ಬಿಪಿ ಗುಳಿಗೆ ತಪ್ಪದಂತೆ ನೋಡಿಕೊಳ್ಳಿ. ಅಣ್ಣನಾದ ನಿಮ್ಮ ಮಾತನ್ನಾದರೆ ಅವರು ಮೀರುವುದಿಲ್ಲ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮೊಮ್ಮಗಳು ಮೇಘಾ ಏಳನೇ ಇಯತ್ತೆ ಪಾಸಾದಳು, ಗಣಿತದಲ್ಲಿ ತರಗತಿಗೇ ಮೊದಲು. ಮುತ್ಯಾನಿಗೆ ನಾನೇ ಹೇಳಬೇಕು ಅಂತ ಹಟ ಹಿಡಿದಿದ್ದಾಳೆ, ನಾನು ಬರೆದೆ ಅಂತ ಗೊತ್ತಾದರೆ ಜಗಳ ತೆಗೆಯುತ್ತಾಳೆ. ಫೋನಿನಲ್ಲಿ ನಿಮಗೆ ನಮ್ಮ ಮಾತು ಸರಿಯಾಗಿ ಕೇಳಿಸುವುದಿಲ್ಲ, ಅರ್ಧಕ್ಕೇ ಇಟ್ಟುಬಿಡುತ್ತೀರಿ. ಅದಕ್ಕೇ ಬರೆಯಲು ಕೂತೆ. ನಿಧಾನಕ್ಕೆ ಓದಿ, ಕನ್ನಡಕ ಹಾಕಿಕೊಂಡು ಓದಿ.

ಹೋದ ವರ್ಷ ಮಾರ್ಚಿನಲ್ಲಿ ನೀವು ಮನೆ ಬಿಟ್ಟು ಹೋದ ದಿನದ ಮಾತನ್ನು ನಾನು ಎತ್ತಬಾರದು. ಎತ್ತದೆ ಮುಂದಿನದನ್ನು ಹೇಳಲೂ ಬರುವುದಿಲ್ಲ. ಮಾಳಿಗೆ ಮೇಲೆ ಸೋಲಾರ್ ಪ್ಲೇಟು ಕೂರಿಸಿದ್ದಕ್ಕೆ ನಿಮ್ಮ ಬೇಸರವಿರಲಿಲ್ಲ. ಕೂರಿಸಲು ಬಂದವನು, ಮನೆಗೆ ಹಿಡಿಸಿ ಉಳಿದ ಕರೆಂಟು ಲೈನಿಗೆ ಹೋಗುತ್ತದೆ, ವರ್ಷ ಮುಗಿದ ಮೇಲೆ ಲೆಕ್ಕ ಮಾಡಿ ಅದರ ಹಣ ನಿಮ್ಮ ಹೆಸರಿಗೆ ಬರುತ್ತದೆ ಎಂದಾಗಲೇ ನೀವು ಎದ್ದು ನಿಂತಿರಿ. "ನಮಗ ಬೇಕಾದಷ್ಟು ತಗೋರಿ, ಬ್ಯಾಡ ಅನ್ನಂಗಿಲ್ಲ. ಉಳಿದದ್ದು ಮಾರಲಿಕ್ಕ ಅದೇನು ನೀವು ಬಿತ್ತಿ ಬೆಳದದ್ದೇನು? ದೇವರ ಬಿಸಿಲದು" ಎಂದಿರಿ. ನಿಮ್ಮ ಮಗ ಸುಮ್ಮನಿರಬೇಕಿತ್ತು. "ತೊಗರಿ ಮಾರಿಲ್ಲೇನು ನೀವು? ಅದೂ ದೇವರ ಬಿಸಿಲಿಗೇ ಬೆಳದದ್ದು" ಎಂದರು. "ಅದರಾಗ ನನ್ನ ಬೆವರಿತ್ತೋ ಸತೀಶ. ಇದರಾಗ ಏನದ?" ಎಂದು ಕೇಳಿದ ನೀವು ಉತ್ತರಕ್ಕೆ ಕಾಯಲಿಲ್ಲ. ಔರಾದ ಬಸ್ಸು ಹತ್ತಿ ಕುಶನೂರಿಗೆ ತಂಗಿಯ ಮನೆಗೆ ಹೋದವರು, ಎರಡು ದಿನಕ್ಕೆ ಬರುತ್ತೀರಿ ಅಂತ ನಾವು ತಿಳಿದಿದ್ದೆವು, ವರ್ಷ ದಾಟಿತು.

ಈಗ ಈ ಸಲದ ರಮಜಾನ್ ತಿಂಗಳಲ್ಲಿ ಆದದ್ದನ್ನು ಹೇಳುತ್ತೇನೆ. ಬಾಜು ಮನೆಯ ಕುಲಸುಮಬೀ ಅವರ ಎದೆರೋಗ ನಿಮಗೆ ಗೊತ್ತಿರುವುದೇ. ಬೀದರಿನ ಡಾಕ್ಟರು ಅವರಿಗೆ ಆಕ್ಸಿಜನ್ ಮಷೀನು ಬರೆದುಕೊಟ್ಟ ಮೊದಲ ಬೇಸಿಗೆಯಲ್ಲಿ, ಮಧ್ಯಾಹ್ನ ಎಲ್ಲರ ಮನೆ ಕೂಲರು ಶುರುವಾದ ಕೂಡಲೇ ನಮ್ಮ ಓಣಿಯಲ್ಲಿ ವೋಲ್ಟೇಜು ಬಿದ್ದು ಮಷೀನು ನಿಂತುಬಿಡುತ್ತಿತ್ತು. ನೀವೇ ಅವರ ಮಗ ಸಲಾವೋದ್ದೀನನ ಆಟೋದಲ್ಲಿ ಕೂತು ಸಿಲಿಂಡರ್ ತರಲು ಎಷ್ಟು ಸಲ ಓಡಿದ್ದೀರಿ. ನೀವು ಹೋದ ಮೇಲಿನ ಬೇಸಿಗೆಯಲ್ಲಿ ಮಷೀನು ಒಮ್ಮೆಯೂ ನಿಲ್ಲಲಿಲ್ಲ. ಟ್ರಾನ್ಸ್‌ಫಾರ್ಮರ್ ಬದಲಿಸಿರಬೇಕು ಅಂತ ಅವರೂ ತಿಳಿದರು, ನಾವೂ ತಿಳಿದೆವು. ಯಾರೂ ಹೋಗಿ ನೋಡಲಿಲ್ಲ. ಚೆನ್ನಾಗಿ ನಡೆಯುವುದನ್ನು ಯಾರು ವಿಚಾರಿಸುತ್ತಾರೆ ಹೇಳಿ.

ಈ ಮಾರ್ಚಿನಲ್ಲಿ ಮಾಳಿಗೆಗೆ ಸಿಮೆಂಟು ಹಾಕಿಸುವ ಕೆಲಸ ಶುರುವಾಯಿತು. ಹೋದ ಮಳೆಗಾಲದಲ್ಲಿ ಪಡಸಾಲೆ ಸೋರಿತ್ತು. ಕೆಲಸದವರು ನೀರಲ್ಲಿ ನಿಂತು ಕೆಲಸ ಮಾಡುವವರು, ವೈರು ಅಲ್ಲೇ ಇದೆ ಅಂತ ನಿಮ್ಮ ಮಗ ಸೋಲಾರಿನ ಸ್ವಿಚ್ಚು ಬಂದ್ ಮಾಡಿದರು. ಮರುದಿನ ಮಧ್ಯಾಹ್ನ ನಾನು ಕೆಲಸದವರಿಗೆ ರೊಟ್ಟಿ ಬಡಿಸುತ್ತಿದ್ದೆ. ಸಲಾವೋದ್ದೀನ ಬಾಗಿಲಿಗೆ ಬಂದು ನಿಂತ. ರೋಜಾ ಹಿಡಿದ ಮುಖ ಬಾಡಿತ್ತು. "ಭಾಬಿ, ಅಮ್ಮಿ ಹತ್ರ ಜರಾ ಕೂಡ್ರಿ. ಮಷೀನ್ ಬಂದಾಗ್ಯಾದ. ನಿನ್ನಿಯಿಂದ ಹಿಂಗೇ ಆಗ್ಲಿಕ್ಹತ್ಯಾದ. ಸಿಲಿಂಡರ್ ಭೀ ಮುಗದದ, ನಾ ತರ್ಲಿಕ್ಕ ಹೋಗ್ತೇನಿ" ಎಂದ. ಕೈ ತೊಳೆಯದೆ ಓಡಿದೆ.

ಕುಲಸುಮಬೀ ಗೋಡೆಗೆ ಒರಗಿ ಕೂತಿದ್ದರು. ತುಟಿ ನೀಲಿಗಟ್ಟಿತ್ತು. ಮಷೀನು ಒಂದೇ ಸಮ ಕೂಗುತ್ತಿತ್ತು, ಮೇಲೆ ಫ್ಯಾನು ರೆಕ್ಕೆ ಎಣಿಸುವ ಹಾಗೆ ತಿರುಗುತ್ತಿತ್ತು. ನಾನು ಅವರ ಕೈ ಹಿಡಿದು ಬೀಸಣಿಗೆಯಿಂದ ಗಾಳಿ ಹಾಕುತ್ತ ಆ ಫ್ಯಾನನ್ನೇ ನೋಡುತ್ತಿದ್ದೆ. ನಿನ್ನೆಯಿಂದ ಎಂದನಲ್ಲ ಸಲಾವೋದ್ದೀನ. ನಿನ್ನೆಯಿಂದ ಈ ಓಣಿಯಲ್ಲಿ ಬದಲಾದದ್ದು ಒಂದೇ. ಮಾವನವರೇ, ನನಗೆ ಕರೆಂಟಿನ ವಿದ್ಯೆ ಬರುವುದಿಲ್ಲ, ಆದರೂ ನಮ್ಮ ಮನೆಯಲ್ಲಿ ಬಂದ್ ಮಾಡಿದ ಆ ಸ್ವಿಚ್ಚು ನೆನಪಾಯಿತು. ಕಿಟಕಿಯಿಂದ ಕೂಗಿದೆ: "ಸೋಲಾರ್ ಚಾಲೂ ಮಾಡ್ರಿ! ಮಂದೀನ ಕೆಳಗ ಇಳಸ್ರಿ, ಮೊದಲು ಚಾಲೂ ಮಾಡ್ರಿ!" ಮೇಲಿಂದ ಇವರು "ಯಾಕ? ಏನಾತು?" ಅನ್ನುತ್ತಲೇ ಇದ್ದರು. "ಕುಲಸುಮಬೀಗೆ ಉಸಿರು ಬರವಲ್ದು" ಎಂದ ಮೇಲೆ ಪ್ರಶ್ನೆ ಕೇಳಲಿಲ್ಲ.

ಸ್ವಿಚ್ಚು ಹಾಕಿದ ಕೂಡಲೇ ಅದು ಶುರುವಾಗುವುದಿಲ್ಲ. ಗೋಡೆಯ ಮೇಲಿನ ಸೋಲಾರ್ ಡಬ್ಬಿ ಲೈನನ್ನು ಪರೀಕ್ಷಿಸಿ, ಎಲ್ಲ ಸರಿ ಇದೆ ಅಂತ ಖಾತ್ರಿ ಮಾಡಿಕೊಂಡೇ ಕರೆಂಟು ಬಿಡುತ್ತದೆ. ಆ ಹೊತ್ತು ಎಷ್ಟಿತ್ತೋ ನನಗೆ ಗೊತ್ತಿಲ್ಲ. ಕುಲಸುಮಬೀ ಅವರ ಉಗುರು ನನ್ನ ಅಂಗೈಯಲ್ಲಿ ಊರಿತ್ತು. ಆಮೇಲೆ ಫ್ಯಾನಿನ ಸದ್ದು ಬದಲಾಯಿತು. ರೆಕ್ಕೆಗಳು ಒಂದರಲ್ಲೊಂದು ಕೂಡಿಕೊಂಡವು. ಸ್ಟೆಬಿಲೈಸರ್ ಟಕ್ ಎಂದಿತು, ಮಷೀನಿನ ಕೂಗು ನಿಂತು ಅದು ಮೆಲ್ಲಗೆ ಗುಯ್‌ಗುಟ್ಟತೊಡಗಿತು. ಅವರು ಒಂದು ಉಸಿರು ಎಳೆದರು, ಇನ್ನೊಂದು ಎಳೆದರು. ತುಟಿಯ ಬಣ್ಣ ನಿಧಾನಕ್ಕೆ ತಿರುಗಿತು. ನಾನು ಅತ್ತುಬಿಟ್ಟೆ. ಅವರೇ ನನ್ನ ತಲೆ ಮೇಲೆ ಕೈ ಇಟ್ಟರು, ಮಾತಾಡಲು ಬಂದ ಮೇಲೆ ಮೊದಲು ಕೇಳಿದ್ದು ನಿಮ್ಮನ್ನೇ, "ಬಕ್ಕಪ್ಪ ಭಾಯಿ ಯಾವಾಗ ಬರ್ತಾನ?"

ನಿಮ್ಮ ಮಗ ಸಿಮೆಂಟಿನ ಕಾಲಲ್ಲೇ ಬಂದು ಆ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟರು. ಸಲಾವೋದ್ದೀನ ಸಿಲಿಂಡರ್ ತಂದ ಮೇಲೂ ಎದ್ದಿರಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಉಳಿದದ್ದನ್ನು ಸಂಜೆ ಬಿಸಿಲಿಳಿದ ಮೇಲೆ ಮಾಡಿಸಿದೆವು. ಮರುದಿನ ಮಧ್ಯಾಹ್ನ ನಾನು ಒಬ್ಬಳೇ ಮಾಳಿಗೆ ಹತ್ತಿದೆ. ಆ ಪ್ಲೇಟುಗಳು ಹೇಗಿದ್ದವೋ ಹಾಗೇ ಇದ್ದವು. ಗಾಲಿ ತಿರುಗುವುದಿಲ್ಲ, ಹೊಗೆ ಏಳುವುದಿಲ್ಲ, ಸದ್ದಿಲ್ಲ. ಮೇಲೆ ಧೂಳು, ಒಂದು ಪಾರಿವಾಳದ ಪುಕ್ಕ. ಕೆಳಗೆ ಪಕ್ಕದ ಮನೆಯಲ್ಲಿ ಒಬ್ಬರು ಉಸಿರಾಡುತ್ತಿದ್ದಾರೆ. ಎಷ್ಟು ಹೊತ್ತು ನಿಂತೆನೋ, ಅಂಗಾಲು ಸುಟ್ಟಿದ್ದು ಕೆಳಗೆ ಇಳಿದ ಮೇಲೆ ತಿಳಿಯಿತು.

ನಿನ್ನೆ ವರ್ಷದ ಲೆಕ್ಕದ ಬಿಲ್ಲು ಬಂತು. ನನಗೆ ಅರ್ಥವಾಗದೆ ಅದನ್ನು ಹಿಡಿದುಕೊಂಡು ಕರೆಂಟ್ ಆಫೀಸಿಗೆ ಹೋದೆ. ಅಲ್ಲಿನ ಇಂಜಿನಿಯರ್ ಉಮಾಶ್ರೀ ಅವರು ಕುರ್ಚಿ ಕೊಟ್ಟು ತಿಳಿಸಿದರು. ಮೀಟರು ಎರಡನ್ನೂ ಅಳೆಯುತ್ತದಂತೆ, ನಾವು ಲೈನಿನಿಂದ ಪಡೆದದ್ದನ್ನೂ ಲೈನಿಗೆ ಕೊಟ್ಟದ್ದನ್ನೂ. ಒಂದು ತಿಂಗಳು ಹೆಚ್ಚು ಕೊಟ್ಟಿದ್ದರೆ ಆ ಯೂನಿಟ್ಟು ನಮ್ಮ ಖಾತೆಯಲ್ಲಿ ಕೂತಿದ್ದು ಮುಂದಿನ ತಿಂಗಳಿಗೆ ಬರುತ್ತದೆ. ಶ್ರಾವಣದ ಜಡಿಮಳೆಯಲ್ಲಿ ಸೂರ್ಯನ ಮುಖವೇ ಕಾಣದಿದ್ದಾಗ ನಮ್ಮ ಮನೆಯಲ್ಲಿ ಉರಿದ ದೀಪ ಬೇಸಿಗೆಯಲ್ಲಿ ಬಿದ್ದ ಬಿಸಿಲಿನದು! ಕೇಳಿ ನಾನು ಬಾಯಿ ಬಿಟ್ಟುಕೊಂಡು ಕೂತೆ. ಹಾಗೆ ಕೊಟ್ಟು ತೆಗೆದುಕೊಂಡು ಮಾರ್ಚಿನ ಕೊನೆಗೆ ಖಾತೆಯಲ್ಲಿ ಏನು ಉಳಿಯುತ್ತದೋ ಅದಕ್ಕೆ ಮಾತ್ರ ಹಣ. ದರ ಸರಕಾರದ ಕಡೆಯಿಂದ ಗೊತ್ತು ಮಾಡಿದ್ದು, ನಾವು ಕೊಳ್ಳುವ ದರಕ್ಕಿಂತ ಕಡಿಮೆ. "ಭಾಳ ಏನು ಬರಂಗಿಲ್ರಿ" ಎಂದು ಅವರೇ ನಕ್ಕರು.

ನನಗೆ ಬೇಕಿದ್ದದ್ದು ಬೇರೆ. ನಾವು ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದೆ. "ದೂರ ಹೋಗಂಗಿಲ್ರೀ. ಆ ಹೊತ್ತಿಗೆ ಬಾಜು ಮನಿಯಾಗ ಯಾರು ಸ್ವಿಚ್ ಹಾಕಿರ್ತಾರ, ಹೆಚ್ಚಾಗಿ ಅವರಿಗೇ ಮುಟ್ತದ. ನಿಮ್ಮ ಓಣಿ ಲೈನಿನ ಕಡೀ ತುದಿಗದ. ಅದಕ್ಕೇ ನಿಮ್ಮ ಕರೆಂಟು ಅಲ್ಲಿ ವೋಲ್ಟೇಜ್ ಎತ್ತಿ ಹಿಡದದ" ಎಂದರು. ಟ್ರಾನ್ಸ್‌ಫಾರ್ಮರ್ ಯಾರೂ ಬದಲಿಸಿರಲಿಲ್ಲ. ಓಣಿಯ ತೊಂದರೆಗೆ ಒಂದು ಅರ್ಜಿ ಬರೆದುಕೊಡಿ, ಸೋಲಾರ್ ಇರಲಿ ಬಿಡಲಿ ಆ ತಾಯಿಗೆ ತೊಂದರೆ ಆಗಬಾರದು ಎಂದು ಅವರೇ ಬರೆಸಿಕೊಂಡರು. ಹಾಗಾದರೆ ಕುಲಸುಮಬೀಗೆ ನಮ್ಮ ಕರೆಂಟು ಪುಕ್ಕಟೆ ಹೋಯಿತೇ ಎಂದೆ. ಇಲ್ಲವಂತೆ. ಅವರ ಮೀಟರು ಅವರಿಗೆ ಪೂರಾ ದರ ಹಾಕುತ್ತದೆ. ಮಷೀನು ಹಗಲೂ ರಾತ್ರಿ ನಡೆಯುವುದರಿಂದ ಉಚಿತ ಯೂನಿಟ್ಟಿನ ಮಿತಿಯೂ ದಾಟುತ್ತದೆ. ನಮ್ಮದು ಅಗ್ಗಕ್ಕೆ ಹೋಗಿ ಅವರಿಗೆ ತುಟ್ಟಿಯಾಗಿ ಸೇರುತ್ತದೆ. ಕಂಬ, ವೈರು, ರಾತ್ರಿಯ ಕರೆಂಟು ಎಲ್ಲದರ ಖರ್ಚು ಅದರಲ್ಲಿದೆ ಅಂತ ಅವರು ಹೇಳಿದ್ದು ಸರಿಯೇ ಇರಬಹುದು. ಆದರೂ ಉಳಿದದ್ದನ್ನು ಮಾರುವುದೇ ಎಂದು ನೀವು ಕೇಳಿದ್ದು ನೆನಪಾಯಿತು, ಮಾವನವರೇ. ಉಳಿದ ಬಿಸಿಲನ್ನು ಲೈನಿಗೆ ಬಿಡದೆ ಇಟ್ಟಿದ್ದರೆ ಆ ಮಧ್ಯಾಹ್ನಗಳಲ್ಲಿ ಅವರ ಗತಿ ಏನಿತ್ತು ಎನ್ನುವುದೊಂದೇ ನನಗೆ ಗೊತ್ತು.

ಮೀಟರು ಇಂದಿಗೂ ನಿಮ್ಮ ಹೆಸರಲ್ಲೇ ಇದೆ. ಬಂದ ಹಣವೂ ನಿಮ್ಮ ಹೆಸರಿನದೇ. ಅದನ್ನು ಕುಲಸುಮಬೀ ಅವರ ಬಿಲ್ಲಿಗೆ ಕಟ್ಟೋಣ ಅಂತ ನಿಮ್ಮ ಮಗನೇ ಮೊದಲು ಹೇಳಿದರು, ನಾನಲ್ಲ. ಸಲಾವೋದ್ದೀನ ಕೈ ಮುಗಿದು ಬೇಡ ಎಂದ. ಕುಲಸುಮಬೀ ಅಂತೂ ಸಿಟ್ಟಿಗೆದ್ದು, "ಹುಡುಗುರು ಕೊಟ್ಟದ್ದು ನಾ ತಗೊಳಂಗಿಲ್ಲ. ಬಕ್ಕಪ್ಪ ಭಾಯಿ ಎದುರಿಗಿ ಬಂದು ಹೇಳ್ಲಿ, ಆಮ್ಯಾಲ ನೋಡ್ತೇನಿ" ಎಂದು ಮುಖ ತಿರುಗಿಸಿದರು. ಅವರನ್ನು ಒಪ್ಪಿಸುವುದು ನಿಮ್ಮಿಂದ ಮಾತ್ರ ಆಗುವ ಕೆಲಸ. ಏನು ಮಾಡಬೇಕೋ ನೀವೇ ಹೇಳಿ. ಲೈನಿಗೆ ಕೊಡುವುದೇ ಬೇಡ ಅಂತ ನಿಮಗೆ ಈಗಲೂ ಅನ್ನಿಸಿದರೆ, ಅದನ್ನೂ ಒಮ್ಮೆ ಆ ಮನೆಯ ಮಂಚದ ಹತ್ತಿರ ಕೂತು ಹೇಳಿ. ನಾನು ಎದುರು ಮಾತಾಡುವುದಿಲ್ಲ.

ಅತ್ತೆಯವರಿಗೆ ನನ್ನ ಶರಣು ತಿಳಿಸಿ. ಬಿಸಿಲಿಗೆ ಮಜ್ಜಿಗೆ ಕುಡಿಯುತ್ತಿರಿ. ಬಸವಣ್ಣ ನಿಮ್ಮನ್ನು ಆರೋಗ್ಯವಾಗಿಟ್ಟಿರಲಿ.

ನಿಮ್ಮ ಮಗಳಂಥ ಸೊಸೆ,
ಮಲ್ಲೇಶ್ವರಿ

ತಾ.ಕ.: ಬಸ್ಸು ಹೊರಡುವ ಹೊತ್ತಾಯಿತು, ಕಂಡಕ್ಟರ್ ಕೈಯಲ್ಲಿ ಕೊಡಲು ಓಡುತ್ತಿದ್ದೇನೆ. ರವಿವಾರ ಮೊದಲ ಬಸ್ಸಿಗೆ ನಿಮ್ಮ ಮಗ ಕುಶನೂರಿಗೆ ಬರುತ್ತಾರೆ. ನಾನು ಬರೆದದ್ದು ಅವರಿಗೆ ಗೊತ್ತಿಲ್ಲ. ಕುರಿ ನೋಡಲು ಬಂದೆ ಅಂತ ಏನಾದರೂ ನೆಪ ಹೇಳುತ್ತಾರೆ. ಕರೆಯಲು ಬಂದೆ ಅನ್ನಲು ನಿಮ್ಮೆದುರು ಅವರಿಗೆ ಬಾಯಿ ಬರುವುದಿಲ್ಲ, ಚಿಕ್ಕಂದಿನಿಂದ ಹಾಗೇ ಅಂತ ನೀವೇ ಹೇಳುತ್ತಿದ್ದಿರಿ. ಅವತ್ತು ಹೊಲಕ್ಕೆ ಹೋಗಬೇಡಿ, ಮನೆಯಲ್ಲೇ ಇರಿ. ಮೊದಲ ಮಾತು ನೀವೇ ಆಡಿಬಿಡಿ.