ಥರ್ಟಿ-ಥರ್ಟಿಯೇ ಸಾಕು

ನವೆಂಬರ್ 9, ಶನಿವಾರ

ಇವತ್ತೂ ಆರ್ವಿಡನ ಬಂದೂಕಿನ ಅಂಗಡಿಗೆ ಹೋದೆ. ಹೀಗೆ ಹೋಗುತ್ತಿರುವುದು ಇದು ಸತತ ಮೂರನೆಯ ಶನಿವಾರ. ಮಿಶಿಗನ್ನಿನಲ್ಲಿ ಜಿಂಕೆ ಬೇಟೆ ಬರುವ ಶುಕ್ರವಾರ ಶುರುವಾಗುತ್ತದೆ, ನಾನಿನ್ನೂ ಲಿವರ್ ಎಳೆದು ಗುಂಡೇರಿಸುವ ರೈಫಲ್ ಆರಿಸುತ್ತಲೇ ಇದ್ದೇನೆ.

ಯಾವ ಅಳತೆಯ ಗುಂಡು ಒಳ್ಳೆಯದೆಂದು ಮತ್ತೆ ಕೇಳಿದೆ. ಬೇಸರಿಸದೆ ಎರಡು ರೈಫಲ್ ತೆಗೆದು ಮುಂದಿಟ್ಟ.

"ಫಾರ್ಟಿಫೈವ್-ಸೆವೆಂಟಿ ದೊಡ್ಡ ಗುಂಡು, ಕರಡಿಗೆ ಸರಿ, ಹೆಲ್ಮಿ. ಹಾರಿಸಿದಾಗ ಅದು ಹಿಂದಕ್ಕೆ ಒದ್ದರೆ ನಿನ್ನ ಭುಜ ಉಳಿಯಲ್ಲ. ನಮ್ಮ ಸೀಡರ್ ಕಾಡಲ್ಲಿ ಅರವತ್ತು ಹೆಜ್ಜೆ ಆಚೆಗೆ ಏನು ಕಾಣುತ್ತೆ ಹೇಳು? ಜಿಂಕೆಗೆ ಈ ಸಣ್ಣದು, ಥರ್ಟಿ-ಥರ್ಟಿ ಸಾಕು."

ಅವನು ಲಿವರ್ ಎಳೆದು ತೋರಿಸುವಾಗ ನಾನು ಕೈಯನ್ನೇ ನೋಡುತ್ತಿದ್ದೆ. ಹೆಂಡತಿ ತೀರಿಕೊಂಡು ನಾಲ್ಕು ವರ್ಷವಾದರೂ ಅವನು ಮದುವೆಯ ಉಂಗುರ ತೆಗೆದಿರಲಿಲ್ಲ. ಇವತ್ತು ಬೆರಳು ಬರಿದಾಗಿತ್ತು.

"ಶಾಲೆ ಬಿಟ್ಟ ವರ್ಷ ನನಗೆ ಗುರಿ ಹಿಡಿಯೋದು ಕಲಿಸಿದ್ದೇ ನೀನು," ಎಂದ. "ಇದೆಲ್ಲ ನನಗಿಂತ ಚೆನ್ನಾಗಿ ನಿನಗೆ ಗೊತ್ತು. ಮತ್ಯಾಕೆ ವಾರ ವಾರ ಬಂದು ಕೇಳ್ತೀಯ?"

ಐವತ್ತೆಂಟರ ನನ್ನ ಮುಖ ಹುಡುಗಿಯರ ಹಾಗೆ ಕೆಂಪಾಯಿತು.

"ನೀನು ಹೇಳೋದು ಕೇಳೋಕೆ," ಎಂದುಬಿಟ್ಟೆ.

ಒರೆಸಿದ ರೈಫಲನ್ನೇ ಅವನು ಬಹಳ ಹೊತ್ತು ಒರೆಸಿದ. ನಾನು ಹೊರಟುಬಿಡಬೇಕೆಂದು ಬಾಗಿಲ ಕಡೆ ನೋಡಿದೆ.

"ಶುಕ್ರವಾರ ಅಂಗಡಿ ತೆಗೆಯಲ್ಲ," ಎಂದ ತಲೆಯೆತ್ತದೆ. "ಕಾಡಿಗೆ ಒಬ್ಬಳೇ ಹೋಗಬೇಡ."

ಅಪ್ಪ ಹೋದ ಮೇಲೆ ಮರದ ಅಟ್ಟಣೆಯಲ್ಲಿ ಒಬ್ಬಳೇ ಕೂತು ಎಷ್ಟೋ ನವೆಂಬರುಗಳನ್ನು ಕಳೆದಿದ್ದೇನೆ. ಜಿಂಕೆ ಸಿಕ್ಕಿದೆ, ತೋರಿಸಲು ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಇನ್ನು ಆರು ದಿನ. ಫ್ಲಾಸ್ಕಿನಲ್ಲಿ ಕಾಫಿ ಒಯ್ಯಬೇಕು. ಅವನು ಸಕ್ಕರೆ ಹಾಕಿಕೊಳ್ಳುತ್ತಾನೋ ಇಲ್ಲವೋ, ಅದೊಂದನ್ನು ಕೇಳಲಿಲ್ಲ. ಕೇಳಲು ನಾಳೆ ಮತ್ತೆ ಹೋದರೆ...