ಶಿವಗಂಗವ್ವನ ಕೈ ಮೇಲಿಂದ ಕ್ಯಾಮೆರಾ ತೆಗೆಯಬೇಡ

ನೆರಳೋಣಿ, ಬೆಟಗೇರಿ
ಉರಿಮಾಸದ ಕೊನೆಯ ಶುಕ್ರವಾರ, ೨೨೧೯

ನಮ್ಮೆಲ್ಲರ ಮುತ್ತಜ್ಜಿಯ ಮುತ್ತಜ್ಜಿಯಾದ ರತ್ನಮಾಲಾಳಿಗೆ ಫಕ್ಕೀರಪ್ಪ ಕಾಕಾನ ನಮಸ್ಕಾರ ಹಾಗೂ ಆಶೀರ್ವಾದ.

ಎರಡನ್ನೂ ಒಟ್ಟಿಗೆ ಬರೆದದ್ದಕ್ಕೆ ಕ್ಷಮಿಸು. ವಂಶದಲ್ಲಿ ನೀನು ಅಜ್ಜಿ. ಪರದೆಯ ಮೇಲೆ ಇನ್ನೂ ಹುಡುಗಿ, ನನ್ನ ಮೀಸೆಯೋ ಪೂರ್ತಿ ಬೆಳ್ಳಗಾಗಿದೆ. ತಾರೀಖು ನೋಡಿ ಗಾಬರಿಯಾಗಬೇಡ. ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ಹೋದಾಗ ನಾವು ಇನ್ನೊಂದು ತಿಂಗಳು ಸೇರಿಸಿಕೊಂಡೆವು, ಅದೇ ಉರಿಮಾಸ. ನನ್ನ ಶಬ್ದಗಳು ವಿಚಿತ್ರ ಎನಿಸಬಹುದು, ಬರವಣಿಗೆ ಮಾತ್ರ ಶುದ್ಧ. ಓಣಿಯ ಶಾಲೆಯಲ್ಲಿ ಏಳನೆಯ ಇಯತ್ತೆಗೆ ನಾನೇ ಮೊದಲಿಗ. ಆ ವರ್ಷ ಬೇರೆ ಯಾರೂ ಪರೀಕ್ಷೆಗೆ ಕೂತಿರಲಿಲ್ಲ, ಅದು ಬೇರೆ ಮಾತು.

ಇದು ಹಿಂದೋಲೆ, ಅಂದರೆ ಕಳೆದ ಕಾಲಕ್ಕೆ ಹೋಗುವ ಪತ್ರ. ಒಂದು ತಲೆಮಾರಿಗೆ ಓಣಿಗೊಂದೇ ಸಿಗುತ್ತದೆ. ನಮ್ಮ ಪಾಲಿನದನ್ನು ಎಲ್ಲರೂ ಸೇರಿ ನನ್ನ ಕೈಗೆ ಕೊಟ್ಟಿದ್ದಾರೆ.

ಯಾವ ಚಾನೆಲ್ಲೂ ಬೇಡವೆಂದ ಮೇಲೆ ಗೆಳೆಯರನ್ನು ಕಟ್ಟಿಕೊಂಡು ನೀನೇ ತೆಗೆಯುತ್ತಿರುವ 'ಓಣಿ ನೊರೆ' ಇದೆಯಲ್ಲ, ನೇಕಾರರ ಓಣಿಯ ಜೋಳದ ಕ್ರಾಫ್ಟ್ ಬಿಯರಿನ ಕಥೆ, ಅದು ನಮಗೆ ಬರೀ ಕಾರ್ಯಕ್ರಮವಲ್ಲ, ಕಾಯಿದೆ. ಪ್ರತಿ ಶನಿವಾರ ಸಂಜೆ ನೆರಳುಚಾವಣಿಯ ಕೆಳಗೆ ಹಂಡೆ ಇಡುತ್ತೇವೆ. ಮನೆಮನೆಯವರು ತಮ್ಮ ತಮ್ಮ ಲೋಟ ತರುತ್ತಾರೆ. ನೊರೆ ಇಳಿಯುವವರೆಗೆ ಯಾರೂ ಏಳುವಂತಿಲ್ಲ. ಆದ್ದರಿಂದ ನೀರಿನ ಪಾಳಿಯ ಜಗಳ, ಗಂಡುಹೆಣ್ಣಿನ ಮಾತುಕತೆ ಎಲ್ಲವೂ ಅಲ್ಲೇ ತೀರುತ್ತವೆ. ಮೊದಲ ಕಂತಿನಲ್ಲಿ ನೀನು ಗುಟುಕಿಗೆ ಮುಂಚೆ ಸೀನಿದ್ದೆ. ಇವತ್ತಿಗೂ ನಾವು ಸೀನಿಯೇ ಕುಡಿಯುವುದು. ಸೀನು ಬಾರದವರಿಗೆ ಖಾರದ ಪುಡಿ ಮೂಸಿಸುತ್ತೇವೆ.

ರತ್ನಾ, ಈ ಉರಿಮಾಸದಲ್ಲಿ ಸೆಕೆ ತಡೆಯುವ ತಂಪುಗೋಡೆ ಕೆಟ್ಟು, ಬಿಯರು ಹುದುಗಿಸುವ ನಮ್ಮ ಹೆಪ್ಪು ಸತ್ತಿತು. ನಿನ್ನ ಕಾಲದಿಂದ ಹಂಡೆಯ ತಳದ ಗಸಿ ಉಳಿಸಿ, ಅದನ್ನೇ ಮುಂದಿನ ಹಂಡೆಗೆ ಹಾಕುತ್ತ ಬಂದಿದ್ದೆವು. ಹೊಸದಾಗಿ ಕಟ್ಟುವುದು ಯಾರಿಗೂ ಗೊತ್ತಿಲ್ಲ. ಪಕ್ಕದ ಊರಿನದನ್ನು ತಂದು ಹಾಕಿದರೆ ಹಂಡೆಯೆಲ್ಲ ಹುಳಿಯಾಯಿತು.

ನಾನು ಎದೆ ತಟ್ಟಿ, "ಆರನೇ ಕಂತಿನ್ಯಾಗ ಎಲ್ಲಾ ಐತ್ರಿ, ನನಗ ಬಾಯಿಪಾಠ" ಎಂದೆ. ಕಂತನ್ನು ಪರದೆಗೆ ಹಾಕಿ ನೋಡಿದೆವು. ನಿಮ್ಮೋಣಿಯ ಶಿವಗಂಗವ್ವ ಮೊಳಕೆ ಜೋಳ ಅರೆದು, ಮಡಿಕೆಗೆ ಕೈಯಿಟ್ಟು, "ಈಗ ನೋಡ್ರಿ, ಇದ ಖರೇ ಕೆಲಸ" ಎನ್ನುತ್ತಾಳೆ. ಅಷ್ಟರಲ್ಲಿ ಬೀದಿಯಲ್ಲಿ ಮದುವೆಯ ಬ್ಯಾಂಡು! ಕ್ಯಾಮೆರಾ ಅತ್ತ ಓಡುತ್ತದೆ. ನೀವೆಲ್ಲ ಕುಣಿಯುತ್ತೀರಿ, ನೀನಂತೂ ಸೆರಗು ಸಿಕ್ಕಿಸಿ. ತಿರುಗಿ ಬಂದಾಗ ಮಡಿಕೆಗೆ ಬಟ್ಟೆ ಕಟ್ಟಿಯಾಗಿದೆ. ಶಿವಗಂಗವ್ವ, "ಆತು ನೋಡ್ರಿ, ಇಷ್ಟ" ಎನ್ನುತ್ತಾಳೆ.

ನಮಗೆ ಕುಣಿತವೂ ವಿಧಾನವೇ. ಮೇಲೋಣಿ, ಕೆಳೋಣಿ ಸೇರಿ ಮೊಳಕೆ ಜೋಳ ಅರೆದು ಮಡಿಕೆಗೆ ತುಂಬಿ, ಕಹಳೆ ಊದಿ, ಅದರ ಸುತ್ತ ಹೆಜ್ಜೆ ತಪ್ಪದೆ ಕುಣಿದೆವು. ನಿನ್ನ ಹೆಜ್ಜೆ ನಾನೇ ಹಾಕಿದೆ, ನಿನಗಿಂತ ಚೆನ್ನಾಗಿಯೇ. ಕೆಲವು ದಿನ ಬಿಟ್ಟು ಬಟ್ಟೆ ಬಿಚ್ಚಿದರೆ ಸತ್ತ ಇಲಿಯ ನಾತ. ಅಣ್ಣನ ಮಗಳು ಇಳಾ ಮೂಗು ಮುಚ್ಚಿಕೊಂಡು, "ಕಾಕಾ, ಮಡಿಕ್ಯಾಗ ಹೆಪ್ಪಿಲ್ಲ, ನಿನ್ನ ಬಡಾಯಿ ಕೊಳತೈತಿ" ಎಂದಳು. ಯಾರೂ ನಗಲಿಲ್ಲ.

ಹಂಡೆ ಇಲ್ಲವೆಂದ ಮೇಲೆ ಕೂಟವಿಲ್ಲ. ನೀರಿನ ಪಾಳಿಗೆ ಈಗ ಬಡಿಗೆ ಹಿಡಿದು ನಿಲ್ಲುತ್ತಾರೆ. ಕೆಳೋಣಿಯವರು ಗಾಡಿ ಕಟ್ಟಿ ನಾಳೆ ತಂಪುಪಟ್ಟಣಕ್ಕೆ ಹೊರಟಿದ್ದಾರೆ. ಅಲ್ಲಿ ಮನೆಗೊಂದು ಮುಚ್ಚಿದ ಗೂಡು. ನೆರೆಯವರ ಮುಖ ಕಾಣದೆ ಜನ ಮುದುಕರಾಗುತ್ತಾರೆ. ಇಳಾಳ ಗಂಟೂ ಗಾಡಿಯ ಪಕ್ಕ ಬಂದಿದೆ. ನಾನು ಎತ್ತಿ ಒಳಗಿಟ್ಟೆ. ಅವಳು ಮತ್ತೆ ಹೊರಗಿಟ್ಟಳು.

ನಿನ್ನ ಲೆಕ್ಕದಲ್ಲಿ ಆರನೆಯ ಕಂತಿನ ಚಿತ್ರೀಕರಣ ಬರುವ ಭಾನುವಾರ. ಬ್ಯಾಂಡು ಬರಲಿ, ಆಕಾಶವೇ ಕಳಚಿ ಬೀಳಲಿ, ಕ್ಯಾಮೆರಾ ಶಿವಗಂಗವ್ವನ ಕೈ ಬಿಟ್ಟು ಅಲುಗಬಾರದು. ಏನು ಹಾಕುತ್ತಾಳೆ, ಎಷ್ಟು ಹೊತ್ತು ಕಲೆಸುತ್ತಾಳೆ ಎಂದು ಕೇಳು, ಬೈದರೂ ಬಿಡಬೇಡ. ಅಲ್ಲಿ ನೀನು ಬದಲಿಸಿದ್ದು ಇಲ್ಲಿಯ ಪರದೆಯಲ್ಲೂ ಬದಲಾಗುತ್ತದಂತೆ. ಹಿಂದೋಲೆ ಸಾಗಿಸುವ ಓಲೆಕಟ್ಟೆಯವರು ಹಾಗೆನ್ನುತ್ತಾರೆ, ಆಣೆ ಮಾತ್ರ ಹಾಕುವುದಿಲ್ಲ.

ನಾನೋ, ರತ್ನಮಾಲಾ ನಮ್ಮ ರಕ್ತ, ನನ್ನ ಮಾತು ಮೀರುವವಳಲ್ಲ ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೇನೆ. ನಾಳೆ ಬೆಳಗ್ಗೆ ಆರನೆಯ ಕಂತು ಹಾಕುತ್ತೇವೆ. ಅದು ಮುಗಿಯುವ ತನಕ ಗಾಡಿಗಳ ಮುಂದೆ ಅಡ್ಡ ಮಲಗುತ್ತೇನೆಂದು ಇಳಾಳಿಗೆ ಹೇಳಿದೆ. ಅವಳು ನನಗೊಂದು ಚಾಪೆ ತಂದುಕೊಟ್ಟು ಹೋದಳು.

ನಿನ್ನ ಮರಿಮಕ್ಕಳ ಮರಿಮಕ್ಕಳ ಕಾಕಾ,
ಫಕ್ಕೀರಪ್ಪ