ಬಿಳಿ ಸ್ಪ್ರಿಂಗು

ಕುರುಗೋಡು
೧೪ ಮೇ ೧೯೫೧

ಯಜಮಾನರಿಗೆ ಸಾವಂತ್ರಮ್ಮ ಮಾಡುವ ಶರಣು.

ನಾನು ಇಲ್ಲಿ ಕ್ಷೇಮ. ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಿ ಎಂದುಕೊಂಡಿದ್ದೇನೆ. ಹೇಳದೆ ಬಂದುಬಿಟ್ಟೆನೆಂದು ಸಿಟ್ಟಿರಬಹುದು. ಹೇಳುವುದಕ್ಕೆ ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವ್ವನಿಗೆ ಸುಳ್ಳು ಹೇಳಿದ್ದೇನೆ. ಅವಳ ಮೊಣಕಾಲು ನೋವಿನ ಸುದ್ದಿ ಕೇಳಿ ನೀವೇ ಕಳಿಸಿದಿರಿ ಅಂದೆ. ಪಾಪ, ಅವಳು ಅದನ್ನೇ ನಂಬಿ, ನೀರಿಗೆ ಹೋದಲ್ಲೆಲ್ಲ, "ನಮ್ಮ ಅಳಿಯಾನಂಥಾವ ಹುಡುಕಿದ್ರೂ ಸಿಗಾಕಿಲ್ಲ" ಎಂದು ಹೇಳಿಕೊಂಡು ಬರುತ್ತಿದ್ದಾಳೆ. ಅವಳು ಹಾಗಂದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತೇನೆ.

ಎರ್ರಣ್ಣ ಸಾವ್ಕಾರರು ಸಿರುಗುಪ್ಪದಿಂದ ಜಟಕಾ ಕಟ್ಟಿಸಿಕೊಂಡು ಬಂದು ನಮ್ಮ ಗಡಿಯಾರದ ಅಂಗಡಿಯಲ್ಲಿ ನಿಂತ ಆ ಮಧ್ಯಾಹ್ನ ನಿಮಗೆ ನೆನಪಿದ್ದೇ ಇರುತ್ತದೆ. ಆದರೆ ಪರದೆಯ ಹಿಂದೆ ಕೂತವಳಿಗೆ ಅದು ಹೇಗಿತ್ತೆಂಬುದು ನಿಮಗೆ ಗೊತ್ತಿಲ್ಲ. ನನ್ನ ಕೈಯಲ್ಲಿ ಬಿಚ್ಚಿದ ಗಡಿಯಾರವೊಂದಿತ್ತು. ಹೊರಗೆ ಅವರ ದನಿ ಏರಿತು: "ಏನ್ ಮಾಡೀರಿ ನನ್ನ ಬಂಗಾರದ ಗಡಿಯಾರಕ್ಕ? ಮುಂಜಾನಿ ನೆಟ್ಟಗ ನಡಿತೈತಿ, ಬಿಸಿಲೇರಿದ್ರ ಹಿಂದ ಬೀಳ್ತೈತಿ. ಇದನ್ನ ನಂಬಿ ಗುಂತಕಲ್ ಗಾಡಿ ತಪ್ಪಿಸ್ಕೊಂಡೆ. ಮಗಳನ್ನ ಕೊಡಬೇಕಂದಿದ್ದ ಮನಿಯವರ ಮುಂದ ಮಾತು ತಪ್ಪಿದಾವ ಆದೆ!"

ಆಗ ನೀವು ಅಂದಿರಿ: "ನಾ ಮುಟ್ಟಿಲ್ರಿ ಸಾವ್ಕಾರ್ರ. ನಾ ಇಲ್ದಾಗ ನಮ್ಮಾಕಿ ಕೈಯಾಡಿಸ್ಯಾಳ. ಏಯ್, ಬಾ ಇಲ್ಲೆ. ಸಾವ್ಕಾರ್ರ ಕಾಲು ಬೀಳು."

ನಾನು ಬಂದೆ. ಬಿದ್ದೆ. ಕೈತಪ್ಪಾಯಿತು ಎಂದೂ ಅಂದೆ. ನಿಮ್ಮ ಮಾತಿಗಿಂತ ನನ್ನ ಆ ಮಾತೇ ನನ್ನನ್ನು ಸುಡುತ್ತಿದೆ. ಬೀದಿಯ ಜನ ನಿಂತು ನೋಡಿದರು. ಬಟ್ಟೆ ಅಂಗಡಿಯವನು ನಕ್ಕ. ಎದ್ದು ಒಳಗೆ ಬಂದು, ಬಿಚ್ಚಿದ ಗಡಿಯಾರದ ಮೇಲೆ ಬಟ್ಟೆ ಮುಚ್ಚಿಟ್ಟೆ.

ಅಂಗಡಿಯ ಸೂಕ್ಷ್ಮ ಕೆಲಸವೆಲ್ಲ ಪರದೆಯ ಹಿಂದೆ ನಾನೇ ಮಾಡುತ್ತೇನೆಂದು ಬಳ್ಳಾರಿಯಲ್ಲಿ ಯಾರಿಗೂ ಗೊತ್ತಿಲ್ಲ. ಗೊತ್ತಾಗಬೇಕೆಂದು ನಾನು ಕೇಳಿದವಳೂ ಅಲ್ಲ. ನಿಮ್ಮ ಅಪ್ಪ ಮದ್ರಾಸಿನ ಗಡಿಯಾರದ ಅಂಗಡಿಯಲ್ಲಿ ಕಲಿತದ್ದನ್ನು ಕಡೆಗಾಲದಲ್ಲಿ ನನಗೆ ಕಲಿಸಿದರು. ನಿಮ್ಮ ಹೆಸರು ನಡೆದರೆ ಮನೆ ನಡೆದಂತೆ ಅಂದುಕೊಂಡಿದ್ದೆ.

ಸಾವ್ಕಾರರ ಗಡಿಯಾರ ಮೊದಲ ಸಲ ಬಂದಾಗ ಹೊತ್ತಿಗಿಂತ ಮುಂದೆ ಓಡುತ್ತಿತ್ತು. ಚಕ್ರದ ಮೇಲೆ ಸುರುಳಿಯಾಗಿ ಕೂತ ಕೂದಲೆಳೆಯಂಥ ಸ್ಪ್ರಿಂಗಿಗೆ ಎಣ್ಣೆ ಹತ್ತಿ ಸುತ್ತುಗಳು ಅಂಟಿಕೊಂಡಿದ್ದವು, ಅಷ್ಟೇ. ಪೆಟ್ರೋಲಿನಲ್ಲಿ ತೊಳೆದರೆ ಸಾಕು ಅಂದೆ. ನೀವು ಅದರ ಬಿಳಿ ಬಣ್ಣ ನೋಡಿ, "ಇದು ಕಳಪಿ ಮಾಲು. ದೊಡ್ಡ ಗಡಿಯಾರಕ್ಕ ನೀಲಿ ಉಕ್ಕಿಂದ ಇರಬೇಕು" ಅಂದಿರಿ. ನಾನು, ಚಕ್ರದ ಅಂಚಿನಲ್ಲಿ ಸೀಳು ಇಲ್ಲ ನೋಡಿರಿ, ಉಕ್ಕಿನ ಸ್ಪ್ರಿಂಗು ಕಾವಿಗೆ ಸಡಿಲಾಗುತ್ತದೆ, ಅದನ್ನು ಸರಿದೂಗಿಸುವುದು ಆ ಸೀಳಿನ ಚಕ್ರ, ಈ ಬಿಳಿಯದು ಬೇರೆ ಲೋಹ, ಬಿಸಿಲಿಗೆ ಬದಲಾಗುವುದಿಲ್ಲ, ಅದಕ್ಕೇ ಇದರ ಚಕ್ರಕ್ಕೆ ಸೀಳಿಲ್ಲ ಎಂದು ಮಾವನವರು ಹೇಳಿದ್ದನ್ನೇ ಹೇಳಿದೆ. "ನಮ್ಮಪ್ಪನ ವಿದ್ಯಾ ನನಗ ಹೇಳ್ತಿಯೇನ?" ಅಂದಿರಿ. ಮರುದಿನ ನಾನು ನೀರು ತರಲು ಹೋದಾಗ ನೀವು ನೀಲಿಯದನ್ನು ಹಾಕಿ ಗಡಿಯಾರ ಕಳಿಸಿಯೇ ಬಿಟ್ಟಿದ್ದಿರಿ. ಬಿಳಿಯದು ಕಸದ ತಟ್ಟೆಯಲ್ಲಿ ಬಿದ್ದಿತ್ತು. ಎತ್ತಿ ಕಾಗದದಲ್ಲಿ ಮಡಚಿಟ್ಟುಕೊಂಡೆ.

ನೀವು ಕೆಟ್ಟವರಲ್ಲ. ಹೆದರಿದಿರಿ. ಆ ಹೆದರಿಕೆ ನನ್ನ ಬೆನ್ನ ಹಿಂದೆ ಅಡಗಿತು. ಬಾಗಿದ ನನ್ನ ಬೆನ್ನನ್ನು ನೀವು ನೋಡಿದಿರಲ್ಲ, ಆಮೇಲೆ ಊಟಕ್ಕೆ ಕೂತಾಗ ನನ್ನ ಮುಖವನ್ನು ಯಾಕೆ ನೋಡಲಿಲ್ಲ?

ನಾನು ಕೇಳುವುದು ಒಂದೇ. ಸಿರುಗುಪ್ಪಕ್ಕೆ ಹೋಗಿ ಸಾವ್ಕಾರರ ಮುಂದೆ, ಸ್ಪ್ರಿಂಗು ಬದಲಿಸಿದವನು ನಾನು ಎಂದು ಹೇಳಿ ಬನ್ನಿ. ಅಲ್ಲಿಂದ ಇಲ್ಲಿಗೆ ಬಂದು ಕರೆದರೆ ಮರುಮಾತಾಡದೆ ಹೊರಡುತ್ತೇನೆ. ಅಲ್ಲಿಯವರೆಗೆ ಬಳ್ಳಾರಿಯ ಆ ಬೀದಿಯಲ್ಲಿ ತಲೆಯೆತ್ತಿ ನಡೆಯಲು ನನ್ನಿಂದಾಗದು.

ಈಗಲೂ ನಿಮ್ಮ ಮನೆಯವಳೇ ಆದ,
ಸಾವಂತ್ರಮ್ಮ

ತಾ.ಕ.: ಕಾಗದ ಮಡಚಿದ್ದೆ, ಮತ್ತೆ ಬಿಚ್ಚಿದ್ದೇನೆ. ನಾನು ನೆಟ್ಟಗೆ ಕುರುಗೋಡಿಗೆ ಬರಲಿಲ್ಲ. ಮೊದಲು ಸಿರುಗುಪ್ಪದಲ್ಲಿ ಇಳಿದು ಸಾವ್ಕಾರರ ಮನೆಗೆ ಹೋದೆ. ಅವರ ಪಡಸಾಲೆಯಲ್ಲಿ ಕೂತು ಬಿಳಿ ಸ್ಪ್ರಿಂಗನ್ನು ತೊಳೆದು ತಿರುಗಿ ಕೂರಿಸಿದೆ. ಗಡಿಯಾರ ಈಗ ಸರಿಯಾಗಿದೆ. ಯಾರು ಕಳಿಸಿದರೆಂದು ಸಾವ್ಕಾರರು ಕೇಳಿದರು. "ನಮ್ಮ ಮನಿಯವರ ಕಳಿಸ್ಯಾರ್ರಿ. ನಿನ್ನ ತಪ್ಪು ನೀನ ತಿದ್ದಿ ಬಾ ಅಂದ್ರು" ಎಂದುಬಿಟ್ಟೆ. ಅವರು ಎದ್ದು ಹಿತ್ತಲಿಗೆ ಹೋದರು. ಅವರ ಹೆಂಡತಿ ದುರುಗಮ್ಮ ನನ್ನ ಕೈ ಹಿಡಿದುಕೊಂಡರು. "ಸುಳ್ಳು ಯಾಕ ಹೇಳ್ತೀಯವ್ವ? ಮೊದಲ ಸಲ ಗಡಿಯಾರ ತಿರುಗಿ ಒಯ್ಯಾಕ ಬಂದಾಕಿ ನಾನ. ಅಂಗಡಿ ಮುಂದ ಜಟಕಾದಾಗ ಕುಂತಿದ್ದೆ. ನಿನ್ನ ಗಂಡನೇ ಬಿಳೇದು ತಗದು ನೀಲಿದು ಹಾಕಿದ್ದು ಕಣ್ಣಾರೆ ಕಂಡೀನಿ. ನೀ ಕಾಲಿಗೆ ಬಿದ್ದಾಗೂ ಅದರಾಗ ಇದ್ದೆ. ಇಳಿದು ಹೇಳಾಕ ಬಾಯಿ ಬರಲಿಲ್ಲ. ದಾರ್ಯಾಗ ಇವರಿಗೆ ಹೇಳಿದೆ" ಅಂದು ಅತ್ತರು.

ಆದ್ದರಿಂದ ಅಲ್ಲಿ ತಿಳಿಸಬೇಕಾದದ್ದು ಏನೂ ಉಳಿದಿಲ್ಲ. ಆದರೂ ಹೋಗಿ. ಎಲ್ಲ ಗೊತ್ತಿರುವವರ ಎದುರು ನಾನು ಸುಳ್ಳು ಹೇಳಿ ನಿಂತು ಬಂದಿದ್ದೇನೆ. ನೀವು ನಿಜ ಹೇಳಿ ನಿಂತು ಬನ್ನಿ.